ನಡುವಿನ ಹುರುಪೆ

ಇನಾರಿಯಲ್ಲಿ ನವೆಂಬರಿನ ಹಗಲು ಮೂರೇ ತಾಸು.
ಸೈಮಿ ದೀಪ ಹಚ್ಚಿಕೊಂಡೇ ಬರೆಯುತ್ತಾಳೆ:
ಊರಿನ ಒಂದೊಂದು ನುಡಿಗೂ ಒಂದು ವೃತ್ತ,
ತಲೆ ಎಣಿಸಿದಷ್ಟೇ ಜಾಗ.

ಮೊದಲು ತಪ್ಪಿದ್ದಳು.
ಜನ ಇಮ್ಮಡಿಯೆಂದು ತ್ರಿಜ್ಯವನ್ನೇ ಇಮ್ಮಡಿಸಿ
ಇಬ್ಬರಿರುವಲ್ಲಿ ನಾಲ್ವರನ್ನು ಹುಟ್ಟಿಸಿಬಿಟ್ಟಿದ್ದಳು,
ಕಾಗದದ ಮೇಲೆ.

ಈಗ ಎರಡು ಹೊಂದುತ್ತವೆ, ಮೂರನೆಯದು ಮೊಂಡು.
ಇತ್ತ ಎಳೆದರೆ ಅತ್ತ ಹೆಚ್ಚು,
ಅತ್ತ ತಳ್ಳಿದರೆ ಇಲ್ಲದ ನೆಂಟಸ್ತಿಕೆ.
ದುಂಡಗಿದ್ದರೆ ಲೆಕ್ಕ ಒಪ್ಪುವುದಿಲ್ಲ;
ಕೊನೆಗೆ ಮೂರನ್ನೂ ಅದುಮಿ
ಮೊಟ್ಟೆ ಮಾಡಿದಳು.
ಕೂತವು.

ನಟ್ಟನಡುವೆ, ಮೂರೂ ಬಲ್ಲವರಿಗೆ,
ಮೀನಿನ ಹುರುಪೆಯಷ್ಟು ಎಡೆ.
ಅಲ್ಲಿ ಇಬ್ಬರೇ:
ಬಲೆ ಹೆಣೆಯುವ ಯೆಫಿಮ್,
ಅವನೊಡನೆ ಮೂರರಲ್ಲೂ ಜಗಳವಾಡುವ ಹೆಂಡತಿ.

ಬಣ್ಣ ತುಂಬಲು ಹೋದಳು.
ಪೆನ್ಸಿಲಿನ ಮೊನೆಯೇ
ದಪ್ಪವಾಯಿತು.