ಇಲ್ಲದವರ ಪಟ್ಟಿ

ಬೈತಖೋಲ ಬಂದರದ ಐಸ್ ಪ್ಲಾಂಟಿನಲ್ಲಿ
ಹಳೆಯ ಕಂಪ್ಯೂಟರಿಗೆ ಹೊಸ ಯುನಿಕ್ಸು ಹಾಕುತ್ತ ಕೂತಿದ್ದೇನೆ.
ಕಪ್ಪು ತೆರೆಯ ಮೇಲೆ ಬಿಳಿ ಸಾಲು:
ಇಲ್ಲದ ಟೇಪ್ ಡ್ರೈವನ್ನು ಕೂಗುತ್ತದೆ, ಕಾಯುತ್ತದೆ,
ಇಲ್ಲದ ಸೌಂಡ್ ಕಾರ್ಡನ್ನು ಕೂಗುತ್ತದೆ, ಕಾಯುತ್ತದೆ,
ಮೂರನೆಯದಕ್ಕೆ ಗಂಟಲು ಕಟ್ಟಿ
ಅಲ್ಲೇ ನಿಂತುಬಿಡುತ್ತದೆ.

ಗಣಬಾ ತಾಂಡೇಲರು ಬಾಗಿಲಲ್ಲಿ ಬೀಡಿ ಹಿಡಿದು
"ಯಾರನ್ನ ಹುಡುಕ್ತದೆ ಅದು?" ಅಂದರು.
ಇಲ್ಲದವರನ್ನ, ಅಂದೆ.
"ಹಾಗಾದ್ರೆ ಇಲ್ಲ ಅಂತ ಹೇಳು ಅದಕ್ಕೆ."

ಹೇಳುವುದೇ ಈಗ ಕೆಲಸ.
ಯಾರೋ ಎಲ್ಲೋ ನಿದ್ದೆಗೆಟ್ಟು ಬರೆದ ಡ್ರೈವರುಗಳು,
ಒಂದೊಂದನ್ನೇ ತೆಗೆಯುತ್ತೇನೆ.
ಜಾಯ್‌ಸ್ಟಿಕ್ಕು: ಇಲ್ಲಿ ಆಡುವವರಿಲ್ಲ. ಹೋಯಿತು.
ಮೋಡೆಮ್ಮು: ತಂತಿಯೇ ಕಡಿದಿದೆ. ಹೋಯಿತು.
ನೆಟ್‌ವರ್ಕ್ ಕಾರ್ಡು ಹನ್ನೊಂದು ಬಗೆ; ಹತ್ತು ತೆಗೆದೆ.
ಬೇಕಾದದ್ದು ಆ ಹತ್ತರಲ್ಲೇ ಇತ್ತು.
ಮತ್ತೆ ಮೊದಲಿಂದ.

ಎರಡನೆ ಸಲ
ಪ್ಯಾರಲಲ್ ಪೋರ್ಟಿನ ಹೆಸರಿಗೆ ಬೆರಳು ಬಂದಾಗ
ತಾಂಡೇಲರು ಮೂಲೆಯ ಗೋಣಿ ಸರಿಸಿದರು.
ಕೆಳಗೆ ಪ್ರಿಂಟರು, ಉಪ್ಪುಗಾಳಿಗೆ ತುಕ್ಕು ಹಿಡಿದ ಹಲ್ಲು,
ಹೋದ ಹಂಗಾಮಿನ ಮೂರು ಪದರದ ರಸೀದಿ
ಇನ್ನೂ ಕಚ್ಚಿಕೊಂಡೇ ಇದೆ,
ಬಂಗಡೆ ಬುಟ್ಟಿ ಇಷ್ಟು, ಐಸು ಇಷ್ಟು,
ಮೊತ್ತದ ಜಾಗ ಖಾಲಿ.
"ಇದನ್ನ ಕೂಗಿದ್ರೆ ಓ ಅಂತದೋ ನೋಡು."

ಉಳಿಸಿದೆ.

ನಸುಕಿಗೆ, ಮೊದಲ ಬೋಟು ಡೀಸೆಲ್ಲಿಗೆ ಬರುವ ಹೊತ್ತಿಗೆ,
ಯಂತ್ರ ಎದ್ದಿತು.
ಕೂಗಿದ್ದು ನಾಲ್ಕೇ ಹೆಸರು.
ಕೊನೆಯದಕ್ಕೆ
ಗೋಣಿಯ ಪಕ್ಕದಿಂದ
ಕರ್ರ್ ಎಂದು ಯಾರೋ ಗಂಟಲು ಸರಿಮಾಡಿಕೊಂಡ ಹಾಗೆ.