ಇಪ್ಪತ್ತೈದನೆಯ ಬೈಟ್

ದುದ್ದದಾಚೆಯ ಹಾಲಿನ ಡೇರಿಯಲ್ಲಿ
ದ್ಯಾವಮ್ಮ ಹಾಲು ಹಾಕಿದ ಮೇಲೆ ಮಿಷನ್ನು ನಿಲ್ಲುತ್ತದೆ.
ಅವಳ ಚೀಟಿಯಲ್ಲ, ಅವಳ ಹಿಂದೆ ನಿಂತವರದು
ಅರ್ಧ ಬಂದು ಹಲ್ಲು ಕಚ್ಚಿಕೊಳ್ಳುತ್ತದೆ.
ಕೈಗುಣ ಅಂದರು, ಮೊದಲು ಮೆಲ್ಲಗೆ.
ಆಮೇಲೆ ಕಾರ್ಯದರ್ಶಿ ಪುಟ್ಟಸ್ವಾಮಿಗೌಡರು ಗಟ್ಟಿಯಾಗಿಯೇ:
"ನೀನು ಕೊನೇಲಿ ಬಾ."
ಕೊನೆಯಲ್ಲಿ ಬಂದರೆ ನಿಲ್ಲಲಿಲ್ಲ.
ಸಾಬೀತಾಯಿತಲ್ಲ!

ಹಾಸನದ ಸಾಲಗಾಮೆ ರಸ್ತೆ, ಟೈರ್ ಅಂಗಡಿಯ ಮೇಲಿನ ಕೋಣೆ.
ಅದೇ ಮಿಷನ್ನಿನ ತಮ್ಮ ನನ್ನ ಮೇಜಿನ ಮೇಲೆ
ಹೊಟ್ಟೆ ಬಿಚ್ಚಿಕೊಂಡು ಮಲಗಿದೆ.
ಹಾಲಿಲ್ಲದೆ ಸಾವಿರ ಸಲ ಹಾಲು ಹಾಕಿದೆ.
ಒಮ್ಮೆಯೂ ನಿಲ್ಲಲಿಲ್ಲ, ಕಳ್ಳ.
ನಾನು ಕೊಟ್ಟ ಹೆಸರುಗಳು:
ಅಅಅ, ಕಕಕ, ಪರೀಕ್ಷೆ ಒಂದು, ಪರೀಕ್ಷೆ ಎರಡು.
ಒಳಗೆ ಇಣುಕಲೆಂದು ಪ್ರೋಗ್ರಾಮಿಗೆ ಒಂದು ಸಾಲು ಸೇರಿಸಿ ಕಳಿಸಿದರೆ
ಆ ವಾರವೆಲ್ಲ ಸುಸೂತ್ರ.
ತೆಗೆದೆ. ಮಾರನೆಯ ಬೆಳಿಗ್ಗೆಯೇ ಫೋನು.

ಐದೂವರೆಗೆ ನಾನೇ ಹೋಗಿ ಕೂತೆ.
ಕ್ಯಾನುಗಳು ಸಾಲಾಗಿ ನಿಂತಿದ್ದವು, ಜನ ಕಟ್ಟೆಯ ಮೇಲೆ.
ಒಬ್ಬರು ಎತ್ತಿಕೊಂಡರೆ ಆ ಜಾಗ ಇನ್ನೊಬ್ಬರದು.
ಮೆಮೊರಿಯೂ ಹೀಗೆಯೇ. ಅಲ್ಲಿ ಜಗಳವಿಲ್ಲ, ಅಷ್ಟೇ;
ಎಷ್ಟಗಲ ಎಂದು ಪ್ರತಿ ಜಾಗದ ಹಣೆಯಲ್ಲಿ ಬರೆದಿರುತ್ತದೆ,
ಲೈಬ್ರರಿ ಓದಿಕೊಂಡು ಅಷ್ಟು ಹೆಜ್ಜೆ ಮುಂದಿಡುತ್ತದೆ.

ನನ್ನ ಮಾತಿಗೆ ದ್ಯಾವಮ್ಮನನ್ನು ನಡುವೆ ಬಿಟ್ಟರು.
ನಾಲ್ಕೂಕಾಲು ಲೀಟರ್. ಚೀಟಿ ಬಂತು.
ಹಿಂದೆ ಬೋರಯ್ಯ.
ನಿಂತಿತು.
ತಂತಿ ಚುಚ್ಚಿ ನೋಡಿದರೆ ಬೋರಯ್ಯನ ಜಾಗದ ಹಣೆಯಲ್ಲಿ ಸೊನ್ನೆ.
ಸೊನ್ನೆ ಹೆಜ್ಜೆ ಮುಂದಿಡುತ್ತಿದೆ ಲೈಬ್ರರಿ,
ಇಟ್ಟು, ಓದಿ, ಸೊನ್ನೆ, ಮತ್ತೆ ಇಟ್ಟು, ಮತ್ತೆ ಓದಿ,
ಅಷ್ಟರಲ್ಲಿ ಬಿಸಿಲು ಬಂತು.

ಬರೆದವರು ಯಾರು?
ಬೆರಳು ಮಡಿಸಿ ಎಣಿಸಿದೆ.
ದ, ಅದಕ್ಕೊಂದು ವಿರಾಮ, ಯ, ಅದರ ದೀರ್ಘ, ವ,
ಮ, ಮತ್ತೆ ವಿರಾಮ, ಮತ್ತೆ ಮ.
ಎಂಟು. ಒಂದೊಂದಕ್ಕೆ ಮೂರು ಬೈಟ್.
ಎಂಟ್ಮೂರ್ಲೆ ಇಪ್ಪತ್ತನಾಲ್ಕು.
ಲೈಬ್ರರಿ ಜಾಗ ಕೊಡುವುದು ಎಂಟರ ಮಗ್ಗಿಯಲ್ಲಿ.
ಕೆಂಚಮ್ಮನಿಗೆ ಇಪ್ಪತ್ತೊಂದು ಸಾಕು, ಕೊಸರು ಉಳಿಯುತ್ತದೆ.
ದ್ಯಾವಮ್ಮನಿಗೆ ತಲೆತಟ್ಟಿ ಅಳೆದಷ್ಟೇ.
ಹೆಸರು ಇಲ್ಲಿಗೆ ಮುಗಿಯಿತು ಎಂದು ಹೇಳುವ ಸೊನ್ನೆಗೆ
ಜಾಗ ಎಣಿಸದೆ ಬಿಟ್ಟಿದ್ದಾನೆ ಬರೆದ ಪುಣ್ಯಾತ್ಮ;
ಅದು ಹೋಗಿ ಪಕ್ಕದವನ ಹಣೆಗೆ ಹತ್ತಿದೆ.
ನೂರಾ ನಲವತ್ತಮೂರು ಸದಸ್ಯರಲ್ಲಿ ಇವಳೊಬ್ಬಳಿಗೆ.

ಯುಗಾದಿಯವರೆಗೆ ಚೀಟಿಯಲ್ಲಿ ಬರೀ ನಂಬರಿತ್ತು.
ಮರ್ಯಾದೆಗಿರಲಿ ಎಂದು ಹೆಸರು ಸೇರಿಸಿದವಳು ನಾನೇ.

ಒಂದು ಕೂಡಿಸಿದೆ. ಅಷ್ಟೇ, ಒಂದು.

ತಪ್ಪು ನಿಮ್ಮದಲ್ಲ, ಎಂದು ಹೇಳಲು ಹೋದೆ,
ಅಕ್ಷರ, ಬೈಟ್, ಸೊನ್ನೆ, ಇನ್ನೂ ಏನೇನೋ.
ಅವಳು ಕ್ಯಾನಿಗೆ ನೀರು ಕುಲುಕಿ ಚೆಲ್ಲಿ ಹೇಳಿದಳು:
"ಅಲ್ಲ ಕಣವ್ವ, ಹನ್ನೊಂದು ದಿನ ನನ್ನ ಕಡೇಗೆ ನಿಲ್ಸಿದ್ರಲ್ಲ,
ಎರಡು ದಿನ ಹಾಲು ಒಡೆದೋಗಿ ವಾಪಸ್ ಕಳಿಸಿದ್ರು.
ಆ ದುಡ್ಡು ಎಲ್ಲಿ ಬರ್ಕೊಂಡೈತೆ ನಿನ್ ಮಿಷನ್ನು?"

ಗೌಡರು ರಿಜಿಸ್ಟರಿನ ಹಾಳೆ ತಿರುವಿದರು.
ಬೋರಯ್ಯನ ಕ್ಯಾನು ನೆಲ ಉಜ್ಜುತ್ತ
ಮುಂದೆ ಬಂತು.