ಒಂದೇ ಬೆಟ್ಟ

ವಿರಾಜಪೇಟೆಯ ಸೊಸೈಟಿ ಹಾಲಿನಲ್ಲಿ
ಗೊಬ್ಬರದ ಚೀಲ ಸರಿಸಿ, ಹಗ್ಗ ಬಿಗಿದು,
ಬಟ್ಟೆ ಕ್ಲಿಪ್ಪಿಗೆ ತೂಗಿದ್ದೇವೆ
ಆರು ಜನ, ಒಂದೇ ಭಾನುವಾರ,
ಒಂದೇ ಬಂಡೆಯ ಮೇಲೆ ಒತ್ತಿ ಕೂತು ಬರೆದ
ಮಲೆತಿರಿಕೆ ಬೆಟ್ಟ.

ಪೂವಮ್ಮ ಟೀಚರದು ನೀಲಿ.
‘ಅವತ್ತು ಹಸಿರು ಮುಗಿದಿತ್ತು’ ಎನ್ನುತ್ತಾರೆ, ನಾಚದೆ.
ಬೋರ್ಡು ಬರೆಯುವ ಹಂಸಾಕನ ಬೆಟ್ಟಕ್ಕೆ
ಬಲಗಡೆ ಓರೆ ನೆರಳು,
ಅಂಗಡಿ ಹೆಸರಿನ ಅಕ್ಷರಕ್ಕೆ ಬೀಳುವ ಹಾಗೆ.
ರೈಟರ್ ಕುಟ್ಟಪ್ಪನದು ತೋಟದ ಲೆಕ್ಕದ ಹಾಳೆಯ ಬೆನ್ನು:
ಇಳಿಜಾರಿನಲ್ಲಿ ಇಣುಕುತ್ತವೆ
ಯಾರದೋ ಕೂಲಿ, ಯಾರದೋ ಮುಂಗಡ.
ನನ್ನದರಲ್ಲಿ ಬೆಟ್ಟವೇ ಇಲ್ಲ.
ಮಂಜು ಬೇಗ ಇಳಿಯಿತು, ನಾನು ನಿಧಾನ.

ಮಧ್ಯಾಹ್ನದ ಟ್ರಿಪ್ಪು ಮುಗಿಸಿ
ಡ್ರೈವರ್ ಬೆಳ್ಯಪ್ಪ ಬಂದ.
ಬೇಡವೆಂದರೂ ಚಪ್ಪಲಿ ಹೊರಗೆ ಬಿಟ್ಟ.
ನೀಲಿ ಬೆಟ್ಟದೆದುರು ಕೈಕಟ್ಟಿ ನಿಂತು
‘ಈ ತಿರುವಲ್ಲಿ ಗಾಡಿ ತಿರುಗಲ್ಲ ಟೀಚರೇ’ ಎಂದ.
ಟೀಚರು ಬ್ರಶ್ಶು ನೆನೆಸಿ, ಅವನ ಕಣ್ಣೆದುರೇ
ರಸ್ತೆ ಒಂದು ಗೆರೆ ಅಗಲ ಮಾಡಿದರು.
‘ಈಗ?’
‘ಈಗ ಹೋಗ್ತದೆ.’

ಕೊನೆಗೆ ನನ್ನ ಬಿಳಿ ಹಾಳೆ.
ತಪ್ಪಿ ತೂಗಿದ್ದೆಂದು ನಗುವನೋ ಎಂದು
ನಾನು ಕಿಟಕಿಯ ಕಡೆ ತಿರುಗಿದೆ.
ಅವನು ಬಹಳ ಹೊತ್ತು ನೋಡಿದ.
ಆಮೇಲೆ, ತನ್ನಷ್ಟಕ್ಕೇ:
‘ಇಲ್ಲಿ ಹೆಡ್‌ಲೈಟು ಹಾಕಬೇಕು.’